ಪಿಕಪ್ಪಿನ ಹೊಟ್ಟೆಗೆ ಬಂಡೆಯ ಪುಡಿ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬರುವ ಗಾಡಿ ನಡುದಾರಿಯಲ್ಲಿ ನಿಲ್ಲುವಂತಿಲ್ಲ. ಗೂಡು ಕಟ್ಟಿದ ಹುಳು ಸುಮಾರು ಹತ್ತು-ಹನ್ನೆರಡು ದಿನಗಳಲ್ಲಿ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಅಷ್ಟರೊಳಗೆ ಗೂಡು ಬಿಡಿಸಿ, ಹರಾಜು ಹಾಕಿ, ನೂಲು ತೆಗೆಯುವ ರೀಲರ್ ಕೈಗೆ ದಾಟಿಸಬೇಕು. ಕನಕಪುರ, ಮಾಗಡಿ ಕಡೆಯ ಹಳ್ಳಿಗಳಿಂದ ಈ ಕೆಲಸ ಮಾಡುವುದು ಮೂರು ಲಕ್ಷ ಕಿಲೋಮೀಟರ್ ದಾಟಿದ ಹಳೇ ಬೊಲೆರೊ ಪಿಕಪ್ಪುಗಳು. ಗೂಡಿಲ್ಲದ ದಿನ ಅವುಗಳ ಮೇಲೆ ಮಾವು, ಎಳನೀರು, ತರಕಾರಿ ಇರುತ್ತದೆ. ಇಂಥ ಗಾಡಿ ಹೊಗೆ ಕಾರತೊಡಗಿದರೆ ‘ಎಂಜಿನ್ನಿಗೆ ವಯಸ್ಸಾಯ್ತು’ ಎನ್ನುವುದು ವಾಡಿಕೆ. ನನಗೆ ಅನುಮಾನ ವಯಸ್ಸಿನ ಮೇಲಲ್ಲ, ದೂಳಿನ ಮೇಲೆ.

ಆ ದೂಳು ಇಲ್ಲಿನ ಬಂಡೆಯದೇ. ಈ ಸೀಮೆಯ ರಾಮದೇವರ ಬೆಟ್ಟ, ಸಾವನದುರ್ಗ ಎರಡೂ ಒಂದೇ ಶಿಲಾಪಟ್ಟಿಗೆ ಸೇರಿದವು. ಭೂವಿಜ್ಞಾನಿಗಳು ಅದಕ್ಕಿಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ನೆನಪಿಗೆ ರಾಮನಗರವನ್ನು ಹಿಂದೆ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಊರಿನ ಹೆಸರು ಬದಲಾದರೂ ಬಂಡೆಯ ಹೆಸರು ಉಳಿದುಕೊಂಡಿತು. ಸುಮಾರು 250 ಕೋಟಿ ವರ್ಷದ ಈ ಕಲ್ಲಿನಲ್ಲಿ ಕ್ವಾರ್ಟ್ಜ್ ಧಾರಾಳ. ಮೋಸ್ ಗಡಸುತನದ ಮಾಪಕದಲ್ಲಿ ಅದರ ಅಂಕ 7. ಎಂಜಿನ್ ಸಿಲಿಂಡರಿನ ಎರಕದ ಕಬ್ಬಿಣ ಅದಕ್ಕಿಂತ ಮೆದು. ಕ್ವಾರಿ, ಕ್ರಷರ್, ಮಣ್ಣುರಸ್ತೆಗಳಿಂದ ಏಳುವ ದೂಳಿನಲ್ಲಿ ಈ ಕ್ವಾರ್ಟ್ಜೇ ತೇಲುತ್ತಿರುತ್ತದೆ.

ಡೀಸೆಲ್ ಎಂಜಿನ್ನಿನ ಸ್ವಭಾವವೇ ಹೊಟ್ಟೆಬಾಕತನ. ಪೆಟ್ರೋಲ್ ಎಂಜಿನ್ ಭಾರ ಕಡಿಮೆಯಾದಾಗ ಗಾಳಿಯನ್ನೂ ಕಡಿಮೆ ಮಾಡಿಕೊಳ್ಳುತ್ತದೆ. ಡೀಸೆಲ್ಲಿನದು ಹಾಗಲ್ಲ: ಅದು ಬಹುಮಟ್ಟಿಗೆ ಸಿಲಿಂಡರ್ ತುಂಬ ಗಾಳಿ ಎಳೆದುಕೊಂಡು, ಡೀಸೆಲ್ಲನ್ನು ಮಾತ್ರ ಹೆಚ್ಚುಕಡಿಮೆ ಮಾಡುತ್ತದೆ. ಎರಡೂವರೆ ಲೀಟರಿನ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಗಂಟೆಗೆ ಸುಮಾರು ಒಂದೂವರೆ ಲಕ್ಷ ಲೀಟರ್ ಗಾಳಿ ಒಳಗೆ ಹೋಗುತ್ತದೆ. ಟರ್ಬೊ ಇದ್ದರೆ ಇನ್ನೂ ಹೆಚ್ಚು.

ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಇರುವ ಆಯಿಲ್ ಪೊರೆ ಕೆಲವೇ ಮೈಕ್ರಾನ್ ದಪ್ಪ. ಅದಕ್ಕಿಂತ ದಪ್ಪದ ಕಲ್ಲಿನ ಕಣವೊಂದು ಅಲ್ಲಿಗೆ ಬಂದರೆ ಆಯಿಲ್ಲೇ ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟ್ ಆಗಿಬಿಡುತ್ತದೆ. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಕಲ್ಲಿದ್ದಲಿನ ಪುಡಿಯಿಂದಲೂ ಓಡಿಸುವ ಯೋಚನೆ ಮಾಡಿದ್ದ. ಆ ದಾರಿ ಹಿಡಿದ ಎಂಜಿನಿಯರುಗಳನ್ನು ಕಾಡಿದ್ದೂ ಬೂದಿಯಿಂದಾಗುವ ಇಂಥದ್ದೇ ಸವೆತ.

ಸವೆದರೆ ಏನಾಗುತ್ತದೆ? ಡೀಸೆಲ್ಲಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು-ಹದಿನೆಂಟನೇ ಒಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ, ಆ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಸವೆದ ಸಂದಿನಲ್ಲಿ ಗಾಳಿ ಸೋರಿದರೆ ಕಾವು ಸಾಲದು. ಮಾಗಡಿಯ ಡಿಸೆಂಬರ್ ಬೆಳಗಿನಲ್ಲಿ ಸೆಲ್ಫ್ ಹೊಡೆದೂ ಹೊಡೆದೂ ಕೊನೆಗೆ ಬಿಳಿ ಹೊಗೆ ಬಿಟ್ಟು ಎದ್ದ ಗಾಡಿಯ ಕಷ್ಟ ಇದೂ ಇರಬಹುದು. ಹಾಗೆ ಸೋರಿದ್ದು ಕೆಳಗಿಳಿದು ಆಯಿಲ್ ಕ್ಯಾಪಿನಿಂದ ಬುಸ್ ಎಂದು ಬರುವುದನ್ನು ಮೆಕ್ಯಾನಿಕ್ಕುಗಳು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ.

ಹಾಗಾದರೆ ಏರ್ ಫಿಲ್ಟರನ್ನು ದಿನಾ ಬಿಚ್ಚಿ ಊದಿಸಬೇಕೆ? ಬೇಡವೇ ಬೇಡ. ನಮ್ಮಲ್ಲಿ ಪಂಕ್ಚರ್ ಅಂಗಡಿಯ ಗಾಳಿಪೈಪು ಹಿಡಿದು ಫಿಲ್ಟರಿನ ಕಾಗದಕ್ಕೆ ರಪ್ಪನೆ ಹೊಡೆಯುವುದೇ ಸರ್ವಿಸ್ ಎನಿಸಿಕೊಂಡಿದೆ. ಆ ರಭಸಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ಸೀಳು ಬೀಳುತ್ತದೆ. ತಮಾಷೆಯೆಂದರೆ, ಸ್ವಲ್ಪ ದೂಳು ಹಿಡಿದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ: ಕೂತ ದೂಳೇ ಇನ್ನೊಂದು ಜರಡಿಯಾಗುತ್ತದೆ. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ, ದೂಳಿನ ದಾರಿಗೆ ತಕ್ಕಂತೆ ಹೊಸದು ಹಾಕಿ. ನಡುವೆ ಸುಮ್ಮನೆ ಬಿಚ್ಚಬೇಡಿ. ನೋಡಲೇಬೇಕಾದದ್ದು ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪು ಮತ್ತು ಅದರ ಕ್ಲಿಪ್ಪು. ಅಲ್ಲಿ ಬಿರುಕು ಬಿಟ್ಟಿದ್ದರೆ ಎಷ್ಟು ದುಬಾರಿ ಫಿಲ್ಟರ್ ಹಾಕಿದರೂ ದಂಡ.

ಎಂಜಿನ್ ಆಯಿಲ್ ಕಪ್ಪಾಯಿತೆಂದು ಗಾಬರಿಪಡುವವರಿದ್ದಾರೆ. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ಲೂ ಬೇಗ ಕಪ್ಪಾಗುತ್ತದೆ. ಅದು ಮಸಿಯನ್ನು ತೇಲಿಸಿಟ್ಟುಕೊಂಡು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಡಿಪ್‌ಸ್ಟಿಕ್‌ನಲ್ಲಿ ಬಣ್ಣಕ್ಕಿಂತ ಮಟ್ಟ ನೋಡಿ. ಇಳಿಯುತ್ತಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಅಥವಾ ಎಲ್ಲೋ ಸೋರುತ್ತಿದೆ. ಏರುತ್ತಿದ್ದರೆ ಡೀಸೆಲ್ಲೋ ಕೂಲಂಟೋ ಬೆರೆಯುತ್ತಿದೆ, ಗಾಡಿ ನಿಲ್ಲಿಸಿ. ರೈಲ್ವೆಯ ಡೀಸೆಲ್ ಶೆಡ್‌ಗಳ ಪ್ರಯೋಗಾಲಯಗಳಲ್ಲಿ ಲೋಕೊ ಆಯಿಲ್ಲನ್ನು ರೋಹಿತ ಪರೀಕ್ಷೆಗೆ ಒಡ್ಡುತ್ತಾರೆ. ಸಿಲಿಕಾನ್ ಏರಿದರೆ ದೂಳು ನುಗ್ಗಿದೆ, ತಾಮ್ರ ಏರಿದರೆ ಬೇರಿಂಗ್ ಸವೆದಿದೆ ಎಂದು ಎಂಜಿನ್ ಬಿಚ್ಚದೆಯೇ ಗೊತ್ತಾಗುತ್ತದೆ. ಹತ್ತಾರು ಪಿಕಪ್ ಇಟ್ಟುಕೊಂಡವರು ಖಾಸಗಿ ಪ್ರಯೋಗಾಲಯದಲ್ಲಿ ಇದನ್ನೇ ಮಾಡಿಸಿದರೆ ನಷ್ಟವಿಲ್ಲ.

ಉಳಿದ ಶತ್ರು ನೀರು. ಕಾಮನ್ ರೈಲ್ ಎಂಜಿನ್ನಿನಲ್ಲಿ ಡೀಸೆಲ್ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಕೂದಲೆಳೆಯಷ್ಟು ಸಣ್ಣ ತೂತಿನಿಂದ ಚಿಮ್ಮುತ್ತದೆ. ಅಲ್ಲಿ ನೀರಿನ ಹನಿ ಸಿಕ್ಕರೆ ಇಂಜೆಕ್ಟರ್ ಹಾಳು. ಡೀಸೆಲ್ ಫಿಲ್ಟರಿನ ತಳದ ತಿರುಪು ಬಿಚ್ಚಿ ಆಗಾಗ ನೀರು ಇಳಿಸಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿದರೆ ಒಳಗೆ ಗಡಸು ಉಪ್ಪಿನ ಪದರ ಕಟ್ಟುತ್ತದೆ, ಕೂಲಂಟನ್ನೇ ಹಾಕಿ. ಇನ್ನು, ಏಪ್ರಿಲ್ 2020ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರಿಗೆ (ಡಿಪಿಎಫ್) ತನ್ನ ಮಸಿ ಸುಟ್ಟುಕೊಳ್ಳಲು ಸುಮಾರು 600 ಡಿಗ್ರಿ ಕಾವು ಬೇಕು. ಚನ್ನಪಟ್ಟಣದ ಪೇಟೆಯೊಳಗೇ ಸುತ್ತುವ ಗಾಡಿಗೆ ಆಗಾಗ ಹೆದ್ದಾರಿಯ ಒಂದು ಓಟ ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವವರು ಮೀಟರ್ ನಂಬಬೇಡಿ, ಅದನ್ನು ತಿರುಗಿಸಬಹುದು. ಎಂಜಿನ್ ಆರಿಸಿ, ಏರ್ ಫಿಲ್ಟರಿನ ಆಚೆಗಿರುವ ಪೈಪು ಬಿಚ್ಚಿ, ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಮ್ಮಣ್ಣೋ ಬೂದುಬಣ್ಣದ ಪುಡಿಯೋ ಮೆತ್ತಿದರೆ ಆ ಗಾಡಿ ಬಿಟ್ಟು ಬೇರೆಯದನ್ನು ನೋಡಿ.