ಏರು, ಇಳಿಜಾರು, ತೋಟದ ಗೇಟು

ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಸೈಕಲ್ ಸವಾರಿ ಮೂಲತಃ ಏರಿನ ಲೆಕ್ಕಾಚಾರ. ಜಿಲ್ಲಾ ಕೇಂದ್ರ ಇರುವುದೇ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿ. ಅದರ ಮಗ್ಗುಲಲ್ಲೇ ಅರ್ಧಚಂದ್ರಾಕಾರವಾಗಿ ಬಾಗಿದ ಚಂದ್ರದ್ರೋಣ ಪರ್ವತ, ಅದರಲ್ಲಿ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ (1,930 ಮೀ.), ಬಾಬಾಬುಡನ್‌ಗಿರಿ (1,895 ಮೀ.). ನೈಋತ್ಯಕ್ಕೆ ಮೂಡಿಗೆರೆ, ಅದನ್ನೂ ದಾಟಿ ಘಟ್ಟದ ಅಂಚಿಗೆ ಹೋದರೆ ಕಳಸ. ಈ ಮೂರು ಊರುಗಳ ನಡುವೆ ಸಮತಟ್ಟು ರಸ್ತೆ ಅಪರೂಪ. ಗದ್ದೆ ಬಯಲು, ಹಳ್ಳ, ಏರು, ತೋಟ, ಇಳಿಜಾರು, ಮತ್ತೆ ಹಳ್ಳ. ಬಯಲುಸೀಮೆಯಲ್ಲಿ ನೂರು ಕಿಲೋಮೀಟರ್ ಎಂದರೆ ದಣಿವಿನ ಅಂದಾಜು ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಓಡಾಡುವ ಸವಾರರು ಕ್ರಮಿಸಿದ ದೂರದ ಪಕ್ಕದಲ್ಲಿ ಒಟ್ಟು ಎಷ್ಟು ಮೀಟರ್ ಏರಿದರೆಂಬುದನ್ನೂ ಬರೆದುಕೊಳ್ಳುತ್ತಾರೆ.

ಈ ರಸ್ತೆಗಳ ನಕ್ಷೆಯನ್ನು ಬರೆದದ್ದು ಕಾಫಿ. ಬಾಬಾ ಬುಡನ್ ಯೆಮನ್‌ನ ಮೋಕಾದಿಂದ ಏಳು ಬೀಜ ತಂದರೆಂಬುದು 17ನೇ ಶತಮಾನದ ಐತಿಹ್ಯ. ತೋಟಗಾರಿಕೆಯಾಗಿ ಕಾಫಿ ಹಬ್ಬಿದ್ದು 19ನೇ ಶತಮಾನದಲ್ಲಿ. ಬೆಳೆದ ಕಾಫಿ ಸಂಸ್ಕರಣೆಗೆ, ಅಲ್ಲಿಂದ ಹಡಗಿಗೆ, ಮಂಗಳೂರಿಗೆ ಇಳಿಯಬೇಕಿತ್ತು. ತೋಟದಿಂದ ತೋಟಕ್ಕೆ, ತೋಟದಿಂದ ಘಾಟಿಗೆ ಗಾಡಿದಾರಿಗಳು ಬಿದ್ದವು. ಇಂದಿನ ಡಾಂಬರು ರಸ್ತೆಗಳಲ್ಲಿ ಅನೇಕವು ಅದೇ ಜಾಡಿನಲ್ಲಿವೆ. ಎರಡು ಊರುಗಳ ನಡುವೆ ನೇರ ದಾರಿ ಇರಬೇಕಾದಲ್ಲಿ ರಸ್ತೆ ಯಾವುದೋ ಎಸ್ಟೇಟಿನ ಗೇಟನ್ನು ಸವರಿಕೊಂಡು ಸುತ್ತಿ ಬರುವುದಕ್ಕೆ ಕಾರಣ ಹಲವೆಡೆ ಇದೇ.

ಆದರೆ ಸೈಕಲ್ ಈ ಸೀಮೆಯ ವಾಹನವಾಗಿರಲಿಲ್ಲ. ತೋಟದ ಧಣಿಗಳಿಗೆ ಮೊದಲು ಕುದುರೆ, ಆಮೇಲೆ ಜೀಪು, ಆಳುಕಾಳುಗಳಿಗೆ ಕಾಲ್ನಡಿಗೆ. ಇದಕ್ಕೆ ಬಡತನ ಸಿರಿತನಕ್ಕಿಂತ ಯಂತ್ರಶಾಸ್ತ್ರವೇ ದೊಡ್ಡ ಕಾರಣ. ಹಳೆಯ ಕರಿ ಸೈಕಲಿನಲ್ಲಿ ಪೆಡಲ್ ಒಂದು ಸುತ್ತು ತುಳಿದರೆ ಹಿಂದಿನ ಚಕ್ರ ಎರಡು ಸುತ್ತಿಗೂ ಹೆಚ್ಚು ತಿರುಗುತ್ತದೆ. ಚಪ್ಪಟೆ ನೆಲದಲ್ಲಿ ಅದು ವೇಗ, ಏರಿನಲ್ಲಿ ಅದೇ ಭಾರ. ಗೇರಿನ ಸೈಕಲಿನ ಅತಿ ಹಗುರ ಗೇರಿನಲ್ಲಿ ಒಂದು ತುಳಿತಕ್ಕೆ ಚಕ್ರ ಸುಮಾರು ಒಂದೇ ಸುತ್ತು ತಿರುಗುತ್ತದೆ. ನಡಿಗೆಗಿಂತ ತುಸುವೇ ಹೆಚ್ಚಿನ ವೇಗ, ಆದರೆ ಇಳಿದು ತಳ್ಳುವ ಪ್ರಮೇಯವಿಲ್ಲ. ರಾಜ್ಯ ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಮಲೆನಾಡಿನ ಶಾಲೆಗಳಿಗೂ ಬಂದದ್ದು ಗೇರಿಲ್ಲದ ಸೈಕಲ್ಲೇ. ಬೆಟ್ಟದ ಹಾದಿಯ ಮಕ್ಕಳಿಗೆ ಅದು ಒಂದು ಹೊತ್ತು ವಾಹನ, ಇನ್ನೊಂದು ಹೊತ್ತು ತಳ್ಳಿಕೊಂಡು ಹೋಗಬೇಕಾದ ಸಾಮಾನು. ಯೋಜನೆಯನ್ನು ರೂಪಿಸಿದವರ ಕಣ್ಣಮುಂದೆ ಇದ್ದದ್ದು ಬಯಲುಸೀಮೆಯಾಗಿರಬೇಕು.

ಬೆಟ್ಟ ಸುತ್ತುವ ಹವ್ಯಾಸ ಮಾತ್ರ ಇಲ್ಲಿಗೆ ಹೊಸದಲ್ಲ. ಅದರ ಹಳೆಯ ರೂಪ ಶಿಕಾರಿ. ಮೈಸೂರು ಸೀಮೆಯಲ್ಲಿ ತೋಟ ಮಾಡಿದ್ದ ರಾಬರ್ಟ್ ಹೆನ್ರಿ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ ಚಿನ್ನ, ಬೇಟೆಯ ಮೋಜು, ಕಾಫಿ ಮೂರೂ ಒಟ್ಟಿಗಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೋವಿಯ ಕಾಲ ಮುಗಿಯಿತು, ಕಾಡು ತಿರುಗುವ ಚಟ ಉಳಿಯಿತು. ಅದಕ್ಕೆ ಕನ್ನಡದಲ್ಲಿ ಮರ್ಯಾದೆ ತಂದುಕೊಟ್ಟವರು ಮೂಡಿಗೆರೆಯಲ್ಲಿ ಕಾಫಿ ಬೆಳೆಗಾರರಾಗಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ (1938–2007). ಹಾರುವ ಓತಿಯ ಬೆನ್ನುಹತ್ತಿ ಕಾಡು ಹೊಕ್ಕವರ ಕಥೆಯಾದ ‘ಕರ್ವಾಲೊ’ ಓದಿ ಮೂಡಿಗೆರೆಯ ಬಸ್ಸು ಹತ್ತಿದವರ ಒಂದು ತಲೆಮಾರೇ ಇದೆ. ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರುವುದು ಕೊಟ್ಟಿಗೆಹಾರದಲ್ಲಿ, ಚಾರ್ಮಾಡಿ ಘಾಟಿ ಶುರುವಾಗುವಲ್ಲಿ. ಸೈಕಲ್ ತಂಡಗಳು ಹೇಗೂ ಅಲ್ಲಿ ನಿಲ್ಲುತ್ತವೆ. ಕೊಟ್ಟಿಗೆಹಾರದ ನೀರುದೋಸೆಯ ಖ್ಯಾತಿ ಪ್ರತಿಷ್ಠಾನಕ್ಕಿಂತ ಹಳೆಯದು.

ಗೇರಿನ ಸೈಕಲ್ ಬೆಟ್ಟ ಏರಿದ್ದು ಮುಖ್ಯವಾಗಿ ಬೆಂಗಳೂರಿನ ಕಡೆಯಿಂದ. ಅಲ್ಲಿನ ಹವ್ಯಾಸಿಗಳು ‘ಟೂರ್ ಆಫ್ ನೀಲಗಿರೀಸ್’ ಎಂಬ ಬಹುದಿನದ ಸವಾರಿ ಆರಂಭಿಸಿದ್ದು 2008ರಲ್ಲಿ. ಪಶ್ಚಿಮಘಟ್ಟವನ್ನು ಸೈಕಲಿನಲ್ಲಿ ದಾಟಬಹುದೆಂಬ ಧೈರ್ಯ ಹಬ್ಬಿದ್ದು ಆ ಕಾಲದಲ್ಲಿ. 2013ರ ನವೆಂಬರಿನಲ್ಲಿ ಕಡೂರು–ಚಿಕ್ಕಮಗಳೂರು ರೈಲುಮಾರ್ಗ ತೆರೆದಾಗ ಬೆಟ್ಟದ ಬುಡಕ್ಕೆ ಬಂದು ಸೇರುವುದು ಸಲೀಸಾಯಿತು. ದೂರದ ಸವಾರಿಗೆ ಚೌಕಟ್ಟು ಒದಗಿಸಿದ್ದು ಫ್ರಾನ್ಸಿನ ಓಡಾಕ್ಸ್ ಕ್ಲಬ್ ಪ್ಯಾರಿಸಿಯನ್ ರೂಪಿಸಿದ ‘ಬ್ರೆವೆ’ ಪದ್ಧತಿ. ಇದು ಪಂದ್ಯವಲ್ಲ. ಮೊದಲ ಸ್ಥಾನವಿಲ್ಲ, ಬಹುಮಾನವಿಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ನಿಗದಿತ ಠಾಣೆಗಳಲ್ಲಿ ಚೀಟಿಗೆ ಮುದ್ರೆ ಹಾಕಿಸಿಕೊಂಡು ಹೊತ್ತಿನೊಳಗೆ ತಲುಪಿದರೆ ಗೆದ್ದಂತೆ. ಆದರೆ ನಿಯಮ ಏರನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಚಿತ್ರದುರ್ಗದ ಹೆದ್ದಾರಿಗೂ ಘಾಟಿ ಹತ್ತಿಳಿಯುವ ದಾರಿಗೂ ಗಡುವು ಒಂದೇ. ಘಾಟಿಯ ಬ್ರೆವೆ ಮುಗಿಸಿದವರಿಗೆ ಗೆಳೆಯರ ನಡುವೆ ಸಿಗುವ ಗೌರವಕ್ಕೆ ಈ ಅನ್ಯಾಯವೇ ಕಾರಣ.

ಈ ಭಾಗದ ಮೊದಲ ಪರೀಕ್ಷೆ ಮುಳ್ಳಯ್ಯನಗಿರಿ. ಪಟ್ಟಣದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ದಾರಿಯಲ್ಲಿ ಎಂಟುನೂರು ಮೀಟರಿಗೂ ಹೆಚ್ಚು ಏರಬೇಕು. ಸರಾಸರಿ ತೆಗೆದರೆ ಅಂಥ ಕಡಿದೇನಲ್ಲ, ಆದರೆ ಸರಾಸರಿ ಇಲ್ಲಿ ಮೋಸದ ಲೆಕ್ಕ. ಕೈಮರದ ತಪಾಸಣಾ ಗೇಟು ದಾಟಿದ ಮೇಲೆಯೇ ನಿಜವಾದ ಏರು. ತೋಟದ ನೆರಳು ಮುಗಿದು ಶೋಲಾ ಕಾಡು, ಅದೂ ಮುಗಿದು ಬೋಳು ಹುಲ್ಲುಗುಡ್ಡ. ಸೀತಾಳಯ್ಯನಗಿರಿಯ ಹತ್ತಿರ ಗಾಳಿ ಎದುರಾದರೆ ಹಗುರ ಗೇರೂ ಸಾಲದು. ಕೊನೆಗೆ ಮೆಟ್ಟಿಲು, ಸೈಕಲನ್ನು ಕೆಳಗೆ ಬಿಡಲೇಬೇಕು. ವಾರಾಂತ್ಯದ ಕಾರುಗಳ ಸಾಲು, ಇಕ್ಕಟ್ಟು ತಿರುವುಗಳಲ್ಲಿ ಸುಟ್ಟ ಕ್ಲಚ್ಚಿನ ವಾಸನೆ ಇವು ಈ ದಾರಿಯ ಶಾಪ. 2022ರಲ್ಲಿ ನೀಲಕುರಿಂಜಿ ಅರಳಿದಾಗಿನ ಜನಜಂಗುಳಿ ನೆನಪಿರುವವರು ಭಾನುವಾರ ಇತ್ತ ತಲೆಹಾಕುವುದಿಲ್ಲ. ಅನುಭವಿಗಳದ್ದು ವಾರದ ನಡುವಿನ ಬೆಳಗು.

ಎರಡನೆಯದು ಚಾರ್ಮಾಡಿ. ಮೂಡಿಗೆರೆಯಿಂದ ಬಣಕಲ್, ಕೊಟ್ಟಿಗೆಹಾರ ದಾಟಿದರೆ ಮಂಗಳೂರಿನ ಕಡೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 73 ಘಾಟಿಯ ಅಂಚು ಹಿಡಿಯುತ್ತದೆ. ಇಪ್ಪತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಆರುನೂರು ಮೀಟರಿಗೂ ಮೀರಿದ ಇಳಿತ. ಹೊಸಬರು ಹತ್ತುವುದಕ್ಕೆ ಹೆದರುತ್ತಾರೆ, ಪಳಗಿದವರು ಇಳಿಯುವುದಕ್ಕೆ. ಸವಾರ ಮತ್ತು ಸೈಕಲ್ ಸೇರಿ 85 ಕೆ.ಜಿ. ಇದ್ದರೆ ಆರುನೂರು ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 500 ಕಿಲೋಜೌಲ್. ಒಂದೂವರೆ ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಒಂದಷ್ಟು ಗಾಳಿಯ ಎದುರೊತ್ತಿಗೆ ಖರ್ಚಾದರೂ, ತಿರುವಿಗೊಮ್ಮೆ ವೇಗ ತಗ್ಗಿಸಬೇಕಾದ ಘಾಟಿಯಲ್ಲಿ ದೊಡ್ಡ ಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ. ಚಕ್ರದ ಅಂಚನ್ನೇ ಹಿಡಿಯುವ ರಬ್ಬರ್ ಬ್ರೇಕನ್ನು ಬಿಡದೆ ಅದುಮಿದರೆ ಅಂಚು ಕಾದು ಟ್ಯೂಬ್ ಸಿಡಿಯಬಹುದು. ಆದ್ದರಿಂದ ತಿರುವಿಗೆ ಮೊದಲೇ ಗಟ್ಟಿಯಾಗಿ ಹಿಡಿದು ಬಿಡುವುದು, ಎರಡೂ ಬ್ರೇಕುಗಳಿಗೆ ಕೆಲಸ ಹಂಚುವುದು, ತಿರುವಿನ ನಡುವೆ ಬ್ರೇಕ್ ಮುಟ್ಟದಿರುವುದು ಇಲ್ಲಿನ ಮೊದಲ ಪಾಠಗಳು. ಡಿಸ್ಕ್ ಬ್ರೇಕ್ ಈ ಭಯವನ್ನು ಬಹುಮಟ್ಟಿಗೆ ಕಳೆದಿದೆ. ಮಳೆಗಾಲದಲ್ಲಿ ರಸ್ತೆಯ ಮೇಲೆ ಕಟ್ಟುವ ಪಾಚಿಯ ಭಯವನ್ನು ಯಾವ ಬ್ರೇಕೂ ಕಳೆಯದು.

ಮಂಜು ಕವಿದರೆ ಹತ್ತು ಮಾರು ಮುಂದಿನದು ಕಾಣದ ಈ ಘಾಟಿಯಲ್ಲಿ ಹಿಂಬದಿಯ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಬೇಕು. 2019ರ ಆಗಸ್ಟಿನ ಮಳೆಯಲ್ಲಿ ಇಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತು. ಅದೇ ಮಳೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಂಥ ಹಳ್ಳಿಗಳನ್ನು ಬುಡಮೇಲು ಮಾಡಿತು. ಭಾರೀ ವಾಹನಗಳಿಗೆ ಆಮೇಲೆ ಬಿದ್ದ ನಿರ್ಬಂಧದಿಂದ ಸೈಕಲ್ ಸವಾರರಿಗೆ ದಾರಿ ತುಸು ನಿರಾಳವಾಯಿತು. ಬೇರೆಯವರ ನಷ್ಟದಿಂದ ಬಂದ ಅನುಕೂಲ ಅದು.

ಕಳಸದ ದಾರಿ ಇವೆರಡಕ್ಕಿಂತ ಚೆಲುವು. ಕೊಟ್ಟಿಗೆಹಾರದಿಂದ ಬಾಳೂರು, ಹೇಮಾವತಿಯ ಉಗಮವಾದ ಜಾವಳಿಯ ಸೀಮೆ, ಸುಂಕಸಾಲೆ, ಕೆಳಗೂರು ಹಾದು ಕಳಸ ಸೇರಿ, ಬಾಳೆಹೊನ್ನೂರು, ಆಲ್ದೂರಿನ ಮೇಲೆ ಚಿಕ್ಕಮಗಳೂರಿಗೆ ಮರಳಿದರೆ ಕಾಫಿ ಸೀಮೆಗೊಂದು ಪ್ರದಕ್ಷಿಣೆ. ಒಂದೇ ದಿನದಲ್ಲಿ ಮುಗಿಸುವವರಿದ್ದಾರೆ. ಎರಡು ದಿನ ಇಟ್ಟುಕೊಂಡು ಕಳಸದಲ್ಲಿ ತಂಗುವುದು ಬುದ್ಧಿವಂತಿಕೆ. ಅಲ್ಲಿಂದ ಹೊರನಾಡು ಕೂಗಳತೆಯ ದೂರ, ದೇವಸ್ಥಾನದಲ್ಲಿ ಊಟವೂ ಉಂಟು. ಭದ್ರೆ ತುಂಬಿ ಹೆಬ್ಬಾಳೆ ಸೇತುವೆಯ ಮೇಲೆ ನೀರು ಹರಿಯುವ ದಿನಗಳಲ್ಲಿ ಮಾತ್ರ ಆ ಊಟದ ಆಸೆ ಬಿಡಬೇಕು. ಕಳಸದಿಂದ ಕುದುರೆಮುಖದ ಕಡೆಗಿನ ರಸ್ತೆ ರಾಷ್ಟ್ರೀಯ ಉದ್ಯಾನದೊಳಗೆ ಹಾಯುತ್ತದೆ. ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಸಿ, ಕೊಟ್ಟ ಹೊತ್ತಿನೊಳಗೆ ನಡುವೆ ನಿಲ್ಲದೆ ಆಚೆ ಗೇಟು ಮುಟ್ಟಬೇಕು. ಮೋಟಾರಿನ ಲೆಕ್ಕದ ಹೊತ್ತು ಕಾಲಿನ ಲೆಕ್ಕಕ್ಕೆ ಹೊಂದದು. ಮೊದಲೇ ಮಾತಾಡಿಕೊಳ್ಳದೆ ಹೋದರೆ ಗೇಟಿನಿಂದಲೇ ವಾಪಸು.

ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಈಗ ಆ ಬೆಟ್ಟದ ಹೆಸರು ಹೆಚ್ಚಾಗಿ ಕೇಳಿಬರುವುದು ಚಾರಣಿಗರ ಬಾಯಲ್ಲಿ. 1,894 ಮೀಟರಿನ ಶಿಖರಕ್ಕೆ ದಾರಿ ಕಳಸ ಸಮೀಪದ ಸಂಸೆಯ ಬಳಿಯ ಮುಳ್ಳೋಡಿಯಿಂದ. ಹೋಗಿ ಬರುವುದು ಸೇರಿ ಸುಮಾರು 20 ಕಿ.ಮೀ. ನಡಿಗೆ. ಮುಳ್ಳೋಡಿಯ ತನಕದ ಕಲ್ಲುದಾರಿಗೆ ಜೀಪೇ ಸರಿ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸೇರಿದ ಭಾರೀ ಗುಂಪಿನ ಚಿತ್ರಗಳು ಸುದ್ದಿಯಾದ ಬಳಿಕ ಸರ್ಕಾರ ಇಂಥ ಬೆಟ್ಟಗಳ ಚಾರಣವನ್ನು ತಡೆದು, ಆನ್‌ಲೈನ್ ನೋಂದಣಿ ಮತ್ತು ದಿನಕ್ಕೆ 300 ಮಂದಿಯ ಮಿತಿ ತಂದಿತು. ಮುಂಜಾನೆ ಬೆಂಗಳೂರಿನ ಬಸ್ಸಿಳಿದು ಬೆಟ್ಟಕ್ಕೆ ನುಗ್ಗುವ ಕಾಲ ಅಲ್ಲಿಗೆ ಮುಗಿಯಿತು. ಇದು ಆಗಬೇಕಾದದ್ದೇ. ಬಳ್ಳಾಲರಾಯನ ದುರ್ಗ, ಎತ್ತಿನಭುಜ, ದೇವರಮನೆಗಳ ಹುಲ್ಲುಗುಡ್ಡಗಳು ಮೂಡಿಗೆರೆ ಕಡೆಯ ಚಾರಣದ ಆಕರ್ಷಣೆ. ಅಲ್ಲಿಯ ತನಕ ಸೈಕಲಿನಲ್ಲಿ ಬಂದು ಬುಡದ ಮನೆಯಲ್ಲಿ ಸೈಕಲ್ ಇಟ್ಟು ಹತ್ತುವವರೂ ಇದ್ದಾರೆ.

ಡಾಂಬರು ಬಿಟ್ಟು ಮಣ್ಣುದಾರಿಗೆ ಇಳಿದರೆ ಎಸ್ಟೇಟು. ತೋಟದೊಳಗಿನ ಕೆಮ್ಮಣ್ಣಿನ ದಾರಿಗಳು ಮೌಂಟನ್ ಬೈಕಿಗೆ ಹೇಳಿ ಮಾಡಿಸಿದಂತಿವೆ, ಆದರೆ ಅವು ಖಾಸಗಿ. ಚಿಕ್ಕಮಗಳೂರಿನ ಕಾರು ರ‍್ಯಾಲಿಗಳು ನಡೆಯುವುದು ಬೆಳೆಗಾರರು ಬಿಟ್ಟುಕೊಡುವ ಇಂಥ ದಾರಿಗಳಲ್ಲೇ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು 2016ರಲ್ಲಿ ಇಲ್ಲಿ ನಡೆಯಿತು. ‘ಮಲ್ನಾಡ್ ಅಲ್ಟ್ರಾ’ ಎಂಬ ದೂರದ ಓಟವೂ ತೋಟಗಳ ನಡುವೆಯೇ ಸಾಗುತ್ತದೆ. ಬಿಡಿ ಸವಾರರಿಗೆ ಗೇಟು ತೆರೆಯುವುದು ಪರಿಚಯದ ಮೇಲೆ. ಅನುಮತಿ ಸಿಗುವುದೂ ಬಿಡುವುದೂ ತೋಟದ ಪಂಚಾಂಗಕ್ಕೆ ಕಟ್ಟುಬಿದ್ದ ಮಾತು. ನವೆಂಬರಿನಿಂದ ಅರೇಬಿಕಾ, ಜನವರಿಯಿಂದ ರೊಬಸ್ಟಾ ಕೊಯ್ಲು. ಆಗ ದಾರಿ ತುಂಬ ಆಳುಗಳನ್ನು ಸಾಗಿಸುವ ಜೀಪುಗಳು, ಹಣ್ಣು ಹೊರುವ ಟ್ರ್ಯಾಕ್ಟರುಗಳು. ಹವೆ ಸವಾರಿಗೆ ಅತ್ಯುತ್ತಮವಾಗಿರುವ ತಿಂಗಳುಗಳೇ ಬೆಳೆಗಾರನಿಗೆ ಪುರುಸೊತ್ತಿಲ್ಲದ ತಿಂಗಳುಗಳು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾದಾಗ ಗೇಟು ಹೆಚ್ಚು ಧಾರಾಳ. ಜೂನ್ ಬಂತೆಂದರೆ ಮಳೆ, ಇಂಬಳ, ಬಿದ್ದ ಮರ.

ಹೊತ್ತಿನ ವಿಷಯದಲ್ಲಿ ಕಾಡುಪ್ರಾಣಿಗಳದ್ದೇ ಕೊನೆಯ ಮಾತು. ಮೂಡಿಗೆರೆ, ಆಲ್ದೂರಿನ ಸುತ್ತ ಕಾಡಾನೆಗಳು ತೋಟದಲ್ಲೇ ಹಗಲು ಕಳೆದು ಸಂಜೆ ರಸ್ತೆಗೆ ಬರುತ್ತವೆ, ಕಾಟಿಗಳೂ ಹಾಗೆಯೇ. ಜೀವಹಾನಿ ಆಗುತ್ತಲೇ ಇದೆ. ಸದ್ದಿಲ್ಲದ ಸೈಕಲ್ ಪ್ರಾಣಿಗೆ ಮುನ್ಸೂಚನೆ ಕೊಡದೆ ತೀರ ಹತ್ತಿರ ಬಂದುಬಿಡುತ್ತದೆ. ಹಾಗಾಗಿ ನಸುಕಿಗೆ ಮುನ್ನ ಹೊರಡಬಾರದು, ಕತ್ತಲಾಗುವ ಮೊದಲೇ ನೆಲೆ ಸೇರಬೇಕು. ತೋಟದ ರೈಟರೋ ಹಾಲಿನವನೋ ‘ಆ ಕಡೆ ಆನೆ ಇದೆ’ ಎಂದರೆ ಮರುಮಾತಿಲ್ಲದೆ ದಾರಿ ಬದಲಿಸಬೇಕು. ಬೆಂಗಳೂರಿನವರ ‘ನಾಲ್ಕಕ್ಕೆ ಎದ್ದು ಹೊರಡುವ’ ಶಿಸ್ತು ಇಲ್ಲಿ ನಡೆಯುವುದಿಲ್ಲ.

ಇಷ್ಟೆಲ್ಲ ಕಟ್ಟುಪಾಡುಗಳ ನಡುವೆ ಸವಾರಿ ತಾನಾಗಿ ಗುಂಪಿನ ಬದುಕಾಗುತ್ತದೆ. ದಾರಿ ಬಲ್ಲವನೊಬ್ಬ ಮುಂದೆ, ಗಟ್ಟಿಗನೊಬ್ಬ ಎಲ್ಲರಿಗಿಂತ ಹಿಂದೆ. ಅವನಿಗಿಂತ ಹಿಂದೆ ಯಾರೂ ಉಳಿಯಬಾರದು. ಕವಲು ಸಿಕ್ಕಲ್ಲಿ ಮುಂದಿನವರು ನಿಲ್ಲುತ್ತಾರೆ, ಏಕೆಂದರೆ ಕಣಿವೆಗಳಲ್ಲಿ ಫೋನು ನೆಚ್ಚಿಕೊಳ್ಳುವಂತಿಲ್ಲ. ಸಣ್ಣ ಪೇಟೆಯ ಸೈಕಲ್ ಅಂಗಡಿಯಲ್ಲಿ ಪಂಚರಿಗೆ ಮದ್ದು ಸಿಕ್ಕೀತು, ಗೇರಿನ ಬಿಡಿಭಾಗ ಸಿಗದು. ಟ್ಯೂಬು, ಚೈನಿನ ಕೊಂಡಿ, ಕಡ್ಡಿ, ಪಂಪು ತಂಡದೊಳಗೇ ಹಂಚಿ ಹೊರಬೇಕು. ರಾತ್ರಿ ತಂಗುವ ಹೋಂಸ್ಟೇಗಳಲ್ಲಿ ಸವಾರರು ಕೇಳುವುದು ಮೂರು: ಸೈಕಲ್ ತೊಳೆಯಲು ಪೈಪು, ಒಳಗಿಡಲು ಜಾಗ, ಬೆಳಿಗ್ಗೆ ಬೇಗ ಕಡುಬೋ ಅಕ್ಕಿರೊಟ್ಟಿಯೋ. ಮೂರನೆಯದರಲ್ಲಿ ಈ ಸೀಮೆಯ ಮನೆಗಳು ಯಾರನ್ನೂ ನಿರಾಸೆಗೊಳಿಸಿದ ದಾಖಲೆ ಇಲ್ಲ. ಜಾಗ ಸಾಮಾನ್ಯವಾಗಿ ಕಾಫಿ ಗೋದಾಮಿನಲ್ಲಿ ಸಿಗುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಅದೂ ಮೂಟೆಗಳಿಂದ ತುಂಬಿರುವುದರಿಂದ ಸೈಕಲುಗಳು ಜೀಪಿನ ಶೆಡ್ಡಿಗೆ ಹೋಗುತ್ತವೆ.