‘ಮದ್ಲಿನಂಗ ಆಗ್ತಾನೇನ್ರಿ?’: ತಲೆಪೆಟ್ಟಿನ ಮುಂದಿನ ದಾರಿಯನ್ನು ರಕ್ತ ಎಷ್ಟು ಹೇಳಬಲ್ಲದು?

ಪುಣೆಯಿಂದ ಹೈದರಾಬಾದಿಗೆ ಓಡುವ 65ನೇ ರಾಷ್ಟ್ರೀಯ ಹೆದ್ದಾರಿ ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ ದಾಟಿ ಹುಮನಾಬಾದಿಗೆ ಬರುತ್ತದೆ. ಬೀದರ್ ಕಡೆಯಿಂದ ಕಲಬುರಗಿಗೆ ಹೋಗುವ 50ನೇ ಹೆದ್ದಾರಿ ಅಲ್ಲೇ ಅದನ್ನು ಸಂಧಿಸುತ್ತದೆ. ಹಗಲಿರುಳು ಲಾರಿಗಳು, ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು, ಅವುಗಳ ನಡುವೆ ಸಂತೆ, ಜಾತ್ರೆ, ಹೊಲ ಅಂತ ಒಂದೇ ಬೈಕಿನ ಮೇಲೆ ಹೊರಟ ಮೂವರು. ಯಾರ ತಲೆಯ ಮೇಲೂ ಹೆಲ್ಮೆಟ್ ಇರುವುದಿಲ್ಲ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ಅವರಲ್ಲಿ 50,029 ಮಂದಿ ಹೆಲ್ಮೆಟ್ ಇಲ್ಲದ ಬೈಕ್ ಸವಾರರು ಮತ್ತು ಹಿಂದೆ ಕುಳಿತವರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ ಹೇಳುತ್ತದೆ. ಸತ್ತವರ ಲೆಕ್ಕವಾದರೂ ಸಿಗುತ್ತದೆ. ಬದುಕಿ ಮನೆಗೆ ಬಂದವರು ಹೇಗಿದ್ದಾರೆ ಎಂಬುದನ್ನು ಯಾರೂ ಬರೆದಿಡುವುದಿಲ್ಲ.

ತಲೆಗೆ ಪೆಟ್ಟು ಬಿದ್ದವರ ಮನೆಯವರು ದವಾಖಾನೆಯ ವರಾಂಡದಲ್ಲಿ ಕೇಳುವ ಪ್ರಶ್ನೆಗಳು ಎರಡು. ‘ಜೀವಕ್ಕೇನರ ಧೋಕಾ ಅದಾರಿ?’ ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಸಿಕ್ಕ ಮೇಲೆ, ಎರಡು ದಿನಕ್ಕೋ ಎರಡು ವಾರಕ್ಕೋ, ಇನ್ನೊಂದು ಬರುತ್ತದೆ: ‘ಮದ್ಲಿನಂಗ ಆಗ್ತಾನೇನ್ರಿ?’ ಈ ಎರಡನೆಯದರ ಒಳಗೆ ಬಹಳಷ್ಟು ಅಡಗಿದೆ. ಮತ್ತೆ ಟ್ರ್ಯಾಕ್ಟರ್ ಹೊಡೆಯಬಲ್ಲನೇ? ಬಸವಕಲ್ಯಾಣದ ಆಟೋನಗರದ ಗ್ಯಾರೇಜಿನಲ್ಲಿ ಮತ್ತೆ ವೆಲ್ಡಿಂಗ್ ಹಿಡಿಯಬಲ್ಲನೇ? ಕೊಟ್ಟ ದುಡ್ಡು, ತಂದ ಸಾಲ ನೆನಪಿರುತ್ತದೆಯೇ? ಸಿಟ್ಟು ಬಂದರೆ ತಡೆದುಕೊಳ್ಳುತ್ತಾನೆಯೇ? ಎಷ್ಟು ಎಕರೆ ಒತ್ತೆ ಇಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬ ತೀರ್ಮಾನವೂ ಆ ಉತ್ತರದ ಮೇಲೆಯೇ ನಿಂತಿದೆ.

ವೈದ್ಯರ ಕೈಯಲ್ಲಿ ಇದಕ್ಕೆ ಬಹುಕಾಲದಿಂದ ಇರುವ ಅಳತೆ ಸರಳವಾದುದು. ಕಣ್ಣು ತೆರೆಯುತ್ತಾನೆಯೇ, ಮಾತಾಡುತ್ತಾನೆಯೇ, ಹೇಳಿದಂತೆ ಕೈಕಾಲು ಆಡಿಸುತ್ತಾನೆಯೇ ಎಂದು ನೋಡಿ 3ರಿಂದ 15ರವರೆಗೆ ಅಂಕ ಕೊಡುವ ಗ್ಲಾಸ್ಗೋ ಕೋಮಾ ಸ್ಕೇಲ್. ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನ್ನೆಟ್ 1974ರಲ್ಲಿ ಪ್ರಕಟಿಸಿದ ಈ ಅಳತೆ ಜಗತ್ತಿನಾದ್ಯಂತ ತುರ್ತು ಘಟಕಗಳಲ್ಲಿ ಬಳಕೆಯಲ್ಲಿದೆ. ಆದರೆ ಕುಡಿದವನು, ನಿದ್ದೆ ಮದ್ದು ಕೊಟ್ಟವನು, ಗಂಟಲಿಗೆ ಕೊಳವೆ ಹಾಕಿಸಿಕೊಂಡವನು ಬಂದರೆ ಆ ಅಂಕವನ್ನು ಹೇಗೆ ನಂಬುವುದು? ಸಿಟಿ ಸ್ಕ್ಯಾನ್ ರಕ್ತ ಹೆಪ್ಪುಗಟ್ಟಿದ್ದನ್ನು, ಬುರುಡೆ ಬಿರುಕು ಬಿಟ್ಟಿದ್ದನ್ನು ಚೆನ್ನಾಗಿ ತೋರಿಸುತ್ತದೆ. ನರತಂತುಗಳು ಒಳಗೊಳಗೇ ಎಳೆದು ಹರಿದಿದ್ದರೆ ಅದು ಅಷ್ಟಾಗಿ ಕಾಣಿಸುವುದಿಲ್ಲ. ಈ ಕೊರತೆ ತುಂಬಲೆಂದೇ ವಿಜ್ಞಾನಿಗಳು ರಕ್ತದ ಕಡೆ ತಿರುಗಿದರು.

ಮಿದುಳಿನ ಜೀವಕೋಶಗಳಿಗೆ ಪೆಟ್ಟಾದಾಗ ಅವುಗಳೊಳಗಿನ ಪ್ರೋಟೀನುಗಳು ಹೊರಬಂದು, ಮಿದುಳು ಮತ್ತು ರಕ್ತದ ನಡುವಿನ ತಡೆಯನ್ನು ದಾಟಿ ರಕ್ತ ಸೇರುತ್ತವೆ. ಇವೇ ಬಯೋಮಾರ್ಕರ್‌ಗಳು. ಜಿಎಫ್‌ಎಪಿ ಎಂಬುದು ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್ ಕೋಶಗಳದು. ಲಾರೆನ್ಸ್ ಎಂಗ್ ಮತ್ತು ಸಂಗಡಿಗರು 1971ರಲ್ಲಿ ಇದನ್ನು ವಿವರಿಸಿದ್ದರು. ಯುಸಿಎಚ್-ಎಲ್1 ನರಕೋಶದ ಒಡಲಿನದು. ನರತಂತುವಿನ ಬೆನ್ನೆಲುಬಿನಂತಿರುವ ಎಳೆಗಳಿಂದ ಬರುವುದು ನ್ಯೂರೋಫಿಲಮೆಂಟ್ ಲೈಟ್, ಚುಟುಕಾಗಿ ಎನ್‌ಎಫ್‌ಎಲ್. ಇವುಗಳ ಪ್ರಮಾಣ ಎಷ್ಟು ಸೂಕ್ಷ್ಮವೆಂದರೆ ಅಳೆಯುವುದು ಪಿಕೋಗ್ರಾಮ್‌ಗಳಲ್ಲಿ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ.

ಒಂದೊಂದಕ್ಕೂ ತನ್ನದೇ ಗಡಿಯಾರವಿದೆ. ಹುಮನಾಬಾದಿನಂಥ ಊರಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇಲ್ಲವೆಂದು ನನಗನ್ನಿಸುತ್ತದೆ. ಜಿಎಫ್‌ಎಪಿ ಪೆಟ್ಟು ಬಿದ್ದ ಒಂದು ಗಂಟೆಯೊಳಗೇ ರಕ್ತದಲ್ಲಿ ಕಾಣಿಸಿಕೊಂಡು ಸುಮಾರು 20 ಗಂಟೆಯ ಹೊತ್ತಿಗೆ ತುದಿ ಮುಟ್ಟುತ್ತದೆ. ಯುಸಿಎಚ್-ಎಲ್1 ಸುಮಾರು 8 ಗಂಟೆಗೇ ಏರಿ ಇಳಿಯತೊಡಗುತ್ತದೆ. ಎನ್‌ಎಫ್‌ಎಲ್ ದಿನಗಟ್ಟಲೆ, ವಾರಗಟ್ಟಲೆ ಏರುತ್ತಾ ಹೋಗಿ ತಿಂಗಳುಗಳ ಕಾಲ ಉಳಿಯುತ್ತದೆ. ಹೀಗಿರುವಾಗ ಪೆಟ್ಟು ಬಿದ್ದದ್ದು ಎಷ್ಟು ಗಂಟೆಗೆ ಎಂದು ಗೊತ್ತಿಲ್ಲದೆ ಬರೀ ಒಂದು ಅಂಕಿಯನ್ನು ನೋಡಿ ಏನು ಹೇಳಲು ಸಾಧ್ಯ? ನಮ್ಮಲ್ಲಿ ಪೆಟ್ಟಾದವನು ಮೊದಲು ಹತ್ತಿರದ ದವಾಖಾನೆ, ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಬೀದರಿನ ಬ್ರಿಮ್ಸ್ ಆಸ್ಪತ್ರೆ ಅಥವಾ 60 ಕಿಲೋಮೀಟರ್ ದೂರದ ಕಲಬುರಗಿ, ಅದೂ ಸಾಲದಿದ್ದರೆ ಹೈದರಾಬಾದ್ ಎಂದು ಸುತ್ತುತ್ತಾನೆ. ಬಸವಕಲ್ಯಾಣದ ಕಡೆಯವರು ಉಮರ್ಗಾ, ಸೋಲಾಪುರದ ದಾರಿಯನ್ನೂ ಹಿಡಿಯುತ್ತಾರೆ. ಆ ತಿರುಗಾಟದಲ್ಲಿ ಪೆಟ್ಟಿನ ಹೊತ್ತು ಯಾವ ಚೀಟಿಯಲ್ಲೂ ಉಳಿಯದೆ ಹೋಗಬಹುದು.

ಸ್ಕ್ಯಾಂಡಿನೇವಿಯಾದ ವೈದ್ಯರು 2013ರ ತಮ್ಮ ಮಾರ್ಗಸೂಚಿಯಲ್ಲೇ ಎಸ್100ಬಿ ಎಂಬ ಇನ್ನೊಂದು ಪ್ರೋಟೀನನ್ನು ಬಳಕೆಗೆ ತಂದರು. ಸಣ್ಣ ಪೆಟ್ಟಿನವರ ರಕ್ತದಲ್ಲಿ ಆರು ಗಂಟೆಯೊಳಗೆ ಅದು ಕಡಿಮೆ ಇದ್ದರೆ ಸಿಟಿ ಬೇಡ ಎಂಬುದು ಅಲ್ಲಿನ ಕ್ರಮ. ಆದರೆ ಎಸ್100ಬಿ ಕೊಬ್ಬಿನಲ್ಲೂ ಮೂಳೆಯಲ್ಲೂ ಇದೆ. ಕಾಲು ಮುರಿದವನ ರಕ್ತದಲ್ಲೂ ಅದು ಏರುತ್ತದೆ. ಬೈಕಿನಿಂದ ಬಿದ್ದವನಿಗೆ ತಲೆಯೊಂದಕ್ಕೇ ಪೆಟ್ಟಾಗಿರುವುದು ಅಪರೂಪ. ಅಲ್ಲಿನ ಅಳತೆಗೋಲನ್ನು ಹಾಗೆಯೇ ಇಲ್ಲಿ ತಂದು ಹಿಡಿಯಲಾಗದು ಎನ್ನಲು ಇದೊಂದೇ ಕಾರಣ ಸಾಕು.

ಅಮೆರಿಕದ ಎಫ್‌ಡಿಎ 2018ರ ಫೆಬ್ರುವರಿಯಲ್ಲಿ ಜಿಎಫ್‌ಎಪಿ ಮತ್ತು ಯುಸಿಎಚ್-ಎಲ್1 ಎರಡನ್ನೂ ಒಟ್ಟಿಗೆ ಅಳೆಯುವ ರಕ್ತ ಪರೀಕ್ಷೆಗೆ ಮೊದಲ ಬಾರಿ ಒಪ್ಪಿಗೆ ಕೊಟ್ಟಿತು. 2024ರಲ್ಲಿ, ರಕ್ತವನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸದೆ ರೋಗಿಯ ಪಕ್ಕದಲ್ಲೇ ಸುಮಾರು 15 ನಿಮಿಷದಲ್ಲಿ ಫಲಿತಾಂಶ ಕೊಡುವ ಅಬಾಟ್ ಕಂಪನಿಯ ಚಿಕ್ಕ ಯಂತ್ರಕ್ಕೂ ಒಪ್ಪಿಗೆ ಸಿಕ್ಕಿತು. ಇವೆಲ್ಲ ‘ಸಿಟಿ ಬೇಕೇ ಬೇಡವೇ’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಪರೀಕ್ಷೆಗಳು. ಮನೆಯವರ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿದ್ದು ಬೇರೆ ಅಧ್ಯಯನ.

‘ಟ್ರ್ಯಾಕ್-ಟಿಬಿಐ’ ಎಂಬ ಅಮೆರಿಕದ ದೊಡ್ಡ ಯೋಜನೆಯಲ್ಲಿ ಪೆಟ್ಟು ಬಿದ್ದ ದಿನವೇ ಸುಮಾರು 1,700 ಮಂದಿಯ ರಕ್ತ ತೆಗೆದು, ಆರು ತಿಂಗಳ ನಂತರ ಅವರು ಹೇಗಿದ್ದಾರೆಂದು ನೋಡಲಾಯಿತು. 2022ರಲ್ಲಿ ಪ್ರಕಟವಾದ ಫಲಿತಾಂಶವನ್ನು ಹೀಗೆ ಹೇಳಬಹುದು. ತೀರಿಕೊಂಡವನೊಬ್ಬ, ಬದುಕುಳಿದವನೊಬ್ಬ, ಹೀಗೆ ನೂರು ಜೋಡಿ ಮಾಡಿದರೆ ಸುಮಾರು 87 ಜೋಡಿಗಳಲ್ಲಿ ಜಿಎಫ್‌ಎಪಿ ಹೆಚ್ಚಿದ್ದದ್ದು ತೀರಿಕೊಂಡವನ ರಕ್ತದಲ್ಲೇ. ಇದು ದೊಡ್ಡ ಮಾತು. ತೀವ್ರ ಅಂಗವೈಕಲ್ಯವನ್ನೂ ಅದು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಮುಂಗಂಡಿತು. ಆದರೆ ಪೂರ್ತಿ ಗುಣವಾದವನು ಯಾರು, ಏನಾದರೊಂದು ಕೊರತೆ ಉಳಿದವನು ಯಾರು ಎಂದು ಕೇಳಿದಾಗ ನೂರಕ್ಕೆ 62 ಜೋಡಿಗಳಲ್ಲಷ್ಟೇ ಸರಿ ಬಂತು. ನಾಣ್ಯ ಚಿಮ್ಮಿದರೂ 50 ಸರಿ ಬರುತ್ತದೆ.

ಅಂದರೆ ಮೊದಲನೆಯ ಪ್ರಶ್ನೆಗೆ ರಕ್ತ ಗಟ್ಟಿ ಸುಳಿವು ಕೊಡುತ್ತದೆ, ‘ಮದ್ಲಿನಂಗ ಆಗ್ತಾನೇನ್ರಿ’ಗೆ ಪಿಸುಗುಡುತ್ತದೆ ಅಷ್ಟೆ. ಈ ವ್ಯತ್ಯಾಸವನ್ನು ಬಿಡಿಸಿ ಹೇಳದೆ ‘ಒಂದು ಹನಿ ರಕ್ತ ಭವಿಷ್ಯ ಹೇಳುತ್ತದೆ’ ಎಂದು ಬರೆಯುವುದು ನೊಂದ ಮನೆಯವರಿಗೆ ಮಾಡುವ ಅನ್ಯಾಯ.

ಎನ್‌ಎಫ್‌ಎಲ್ ಈ ಕೊರತೆಯನ್ನು ಸ್ವಲ್ಪ ತುಂಬಬಹುದು. ಯುರೋಪಿನ ಆಸ್ಪತ್ರೆಗಳು ಸೇರಿ ನಡೆಸಿದ, 2021ರಲ್ಲಿ ಪ್ರಕಟವಾದ ಬಯೋ-ಆ್ಯಕ್ಸ್-ಟಿಬಿಐ ಅಧ್ಯಯನದಲ್ಲಿ ಪೆಟ್ಟಿನ ನಂತರದ ದಿನಗಳಲ್ಲಿ, ವಾರಗಳಲ್ಲಿ ಅಳೆದ ಎನ್‌ಎಫ್‌ಎಲ್‌ಗೂ ಮುಂದೆ ಮಿದುಳು ಕುಗ್ಗುವುದಕ್ಕೂ ವರ್ಷದ ನಂತರದ ಸ್ಥಿತಿಗೂ ನಂಟು ಕಂಡುಬಂದಿತ್ತು. ‘ಸಿಟಿ ನಾರ್ಮಲ್ ಅದ, ಮನಿಗೆ ಹೋಗ್ರಿ’ ಎನ್ನಿಸಿಕೊಂಡವರ ಕಥೆಯನ್ನೂ ಇಲ್ಲಿ ಸೇರಿಸಬೇಕು. ಟ್ರ್ಯಾಕ್-ಟಿಬಿಐನಲ್ಲೇ ಸಿಟಿ ನಾರ್ಮಲ್ ಬಂದ 450 ಮಂದಿಗೆ ಎಂಆರ್‌ಐ ಮಾಡಿ ನೋಡಿದಾಗ 120 ಮಂದಿಯ ಮಿದುಳಿನಲ್ಲಿ ಗಾಯವಿತ್ತು. ಅವರ ಜಿಎಫ್‌ಎಪಿ ಮೊದಲ ದಿನವೇ ಹೆಚ್ಚಿತ್ತು. ತಿಂಗಳಾದರೂ ತಲೆನೋವು, ಮರೆವು, ನಿದ್ದೆ ಇಲ್ಲದಿರುವುದು ಎನ್ನುವ ಹುಡುಗನಿಗೆ ‘ನಾಟಕ ಮಾಡ್ತಾನ’ ಎಂಬ ಮಾತು ಮನೆಯಲ್ಲೇ ಕೇಳಿಬರುತ್ತದೆ. ಅವನ ಮಾತಿಗೆ ರಕ್ತ ಸಾಕ್ಷಿ ಹೇಳಿದರೆ ಅದೇನು ಸಣ್ಣ ಉಪಕಾರವಲ್ಲ.

ನನ್ನ ದಿಗಿಲು ಬೇರೆಯದು. ಕೆನಡಾದ ಆರು ಕೇಂದ್ರಗಳ, ಮಿದುಳಿಗೆ ತೀವ್ರ ಪೆಟ್ಟಾದವರ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅಲ್ಲಿ ಸತ್ತವರಲ್ಲಿ ಶೇ 70ರಷ್ಟು ಮಂದಿ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸಿದ ಮೇಲೆ ಸತ್ತವರು. ಉಳಿಯುವುದಿಲ್ಲ ಎಂಬ ಲೆಕ್ಕಾಚಾರವೇ ಉಳಿಯದಂತೆ ಮಾಡುವ ಅಪಾಯ ಇದು. ನಮ್ಮಲ್ಲಿ ಅದಕ್ಕೆ ದುಡ್ಡಿನ ಒತ್ತಡವೂ ಸೇರುತ್ತದೆ. ದಿನಕ್ಕಿಷ್ಟು ಸಾವಿರ ಎಂದು ಐಸಿಯು ಬಿಲ್ ಏರುತ್ತಿರುವಾಗ ಕೈಯಲ್ಲಿ ಕೆಟ್ಟ ಅಂಕಿಯೊಂದನ್ನು ಹಿಡಿಸಿದರೆ, ಸಹಿ ಹಾಕಿ ರೋಗಿಯನ್ನು ಮನೆಗೆ ಒಯ್ಯುವ ತೀರ್ಮಾನ ಬೇಗ ಬರುತ್ತದೆ. ಆದರೆ ಟ್ರ್ಯಾಕ್-ಟಿಬಿಐನಲ್ಲಿ ಎರಡು ವಾರ ಕಳೆದರೂ ಪ್ರಜ್ಞೆಯಿಲ್ಲದೆ ಬರೀ ಕಣ್ಣು ಬಿಟ್ಟು ಮಲಗಿದ್ದವರ ಪೈಕಿ, ಬದುಕುಳಿದು ವರ್ಷದವರೆಗೆ ನೋಡಲು ಸಿಕ್ಕವರಲ್ಲಿ ನಾಲ್ಕಕ್ಕೆ ಮೂವರಿಗೆ ಪ್ರಜ್ಞೆ ಮರಳಿತ್ತು. ಹಾಗಾಗಿ ಬಯೋಮಾರ್ಕರ್ ನಮ್ಮ ತಾಲ್ಲೂಕಿಗೆ ಬರುವುದಾದರೆ ಯಾರನ್ನು ಬೇಗ ಮುಂದಕ್ಕೆ ಕಳಿಸಬೇಕು ಎಂದು ಹೇಳಲು ಬರಲಿ. ಯಾರನ್ನು ಕೈಬಿಡಬೇಕು ಎಂದು ಹೇಳಲು ಬರುವುದಾದರೆ ಅದು ಬೇಡ.

ಯಂತ್ರ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ತಲೆಪೆಟ್ಟಿನವನ ಮುಂದಿನ ಸ್ಥಿತಿಯನ್ನು ಅಂದಾಜಿಸುವ, 2008ರಲ್ಲಿ ಪ್ರಕಟವಾದ ‘ಕ್ರ್ಯಾಶ್’ ಲೆಕ್ಕಪಟ್ಟಿಗೆ ವಯಸ್ಸು, ಗ್ಲಾಸ್ಗೋ ಅಂಕ, ಬೆಳಕಿಗೆ ಕಣ್ಣಪಾಪೆಯ ಪ್ರತಿಕ್ರಿಯೆ, ಬೇರೆಡೆ ದೊಡ್ಡ ಗಾಯವಿದೆಯೇ ಎಂಬ ಇಷ್ಟು ಸಾಕು. ಅದು 10,008 ರೋಗಿಗಳ ಮಾಹಿತಿಯಿಂದ ಹುಟ್ಟಿದ್ದು. ನಮ್ಮಂಥ ದೇಶಗಳಿಗೆ ಬೇರೆಯದೇ ಲೆಕ್ಕ ಅದರಲ್ಲಿದೆ. ಅದೇ ತಂಡದ 2019ರ ಅಧ್ಯಯನದ ಪ್ರಕಾರ, ಸಣ್ಣ ಮತ್ತು ಮಧ್ಯಮ ತರಹದ ಪೆಟ್ಟಿನಲ್ಲಿ ಮೂರು ಗಂಟೆಯೊಳಗೆ, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರೆ ಸಾವು ಕಡಿಮೆಯಾಗುತ್ತದೆ. ಅದು ಅಗ್ಗದ ಔಷಧ. ಮೂರು ಗಂಟೆ ಎಂದರೆ ಕೊನೆಯ ಆಸ್ಪತ್ರೆ ತಲುಪುವ ಹೊತ್ತಿಗೆ ಮುಗಿದು ಹೋಗುವ ಸಮಯ. ಅದು ತಾಲ್ಲೂಕಿನ ಕೈಯಲ್ಲಿದೆ.

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ತಲೆಪೆಟ್ಟಿನ ಹರಡುವಿಕೆಯನ್ನು ದಶಕಗಳ ಕಾಲ ಅಳೆದವರು. ಶೇ 60ರಷ್ಟು ಪೆಟ್ಟುಗಳಿಗೆ ರಸ್ತೆಯೇ ಕಾರಣ ಎಂದು 2002ರಲ್ಲೇ ಬರೆದವರು. ಇತ್ತೀಚೆಗೆ ಐಸಿಎಂಆರ್ ನೆರವಿನಿಂದ ರೂಪುಗೊಂಡ, ನಿಮ್ಹಾನ್ಸ್ ಕೂಡ ಪಾಲ್ಗೊಂಡಿರುವ ‘ಸೆರೆಬೋ’ ಎಂಬ ಕೈಯಲ್ಲಿ ಹಿಡಿಯುವ ಸಾಧನ, ಚರ್ಮಕ್ಕೆ ಸೂಜಿ ತಾಗಿಸದೆ ಅವಗೆಂಪು ಬೆಳಕಿನಿಂದ ಬುರುಡೆಯೊಳಗಿನ ರಕ್ತಸ್ರಾವವನ್ನು ಗುರುತಿಸುತ್ತದೆ. ಆಂಬುಲೆನ್ಸಿನಲ್ಲಿ, ಸಿಟಿ ಇಲ್ಲದ ದವಾಖಾನೆಯಲ್ಲಿ ಬಳಸಲೆಂದೇ ಅದನ್ನು ಮಾಡಿದ್ದಾರೆ. ಹುಮನಾಬಾದಿನ ಕೂಡುರಸ್ತೆಗಿಂತ ಅದಕ್ಕೆ ತಕ್ಕ ಜಾಗ ಯಾವುದು?

ದುಡ್ಡಿನ ಮಾತಿಗೆ ಬಂದರೆ, ರಾಜ್ಯ ಸರ್ಕಾರ 2016ರಲ್ಲಿ ಹರೀಶ್ ಸಾಂತ್ವನ ಯೋಜನೆ ತಂದು ಅಪಘಾತದ ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಕೊಡುವ ಏರ್ಪಾಡು ಮಾಡಿತು. ಕೇಂದ್ರದ 2025ರ ನಗದುರಹಿತ ಚಿಕಿತ್ಸಾ ಯೋಜನೆ ಏಳು ದಿನಕ್ಕೆ ಒಂದೂವರೆ ಲಕ್ಷದವರೆಗೆ ಭರಿಸುತ್ತದೆ. ಎರಡೂ ಜೀವ ಉಳಿಸುವ ದಿನಗಳಿಗೆ. ಮಿದುಳು ಚೇತರಿಸಿಕೊಳ್ಳುವುದು ಎಂಟನೇ ದಿನದ ನಂತರ, ತಿಂಗಳುಗಟ್ಟಲೆ. ನಡಿಗೆ ಕಲಿಸುವವರು, ಮಾತು ಕಲಿಸುವವರು, ನೆನಪಿನ ಅಭ್ಯಾಸ ಮಾಡಿಸುವವರು ಬೇಕಾಗುವುದು ಆಗಲೇ, ಮನೆಯವರ ಕೈ ಬರಿದಾಗಿರುವುದೂ ಆಗಲೇ.

ಈ ತಿಂಗಳೇ ಶುರು ಮಾಡಬಹುದಾದ ಕೆಲಸಗಳು ಎರಡಿವೆ. ಹುಮನಾಬಾದ್, ಬಸವಕಲ್ಯಾಣದಿಂದ ಮುಂದಕ್ಕೆ ಕಳಿಸುವ ಪ್ರತಿ ಚೀಟಿಯ ಮೇಲೆ ಪೆಟ್ಟು ಬಿದ್ದ ಗಂಟೆ, ಆಗಿನ ಗ್ಲಾಸ್ಗೋ ಅಂಕ, ಎರಡೂ ಕಣ್ಣಪಾಪೆಯ ಸ್ಥಿತಿ ಬರೆಯುವುದು ಒಂದು. ಆರು ತಿಂಗಳಾದ ಮೇಲೆ ಆಶಾ ಕಾರ್ಯಕರ್ತೆಯೊಬ್ಬರು ಮನೆಗೆ ಹೋಗಿ ತಮ್ಮದೇ ಮಾತಿನಲ್ಲಿ ಕೇಳಿ ಬರೆದುಕೊಳ್ಳುವುದು ಇನ್ನೊಂದು: ‘ತಾನೇ ಊಟ ಮಾಡ್ತಾನೇನ್ರಿ? ಒಬ್ಬನೇ ಅಂಗಡಿಗಿ ಹೋಗ್ಬರ್ತಾನ? ಮೊದ್ಲಿನ ಕೆಲ್ಸಕ್ಕ ಹೊಂಟಾನ? ಮಂದಿ ಜೋಡಿ ಮಾತು ಕತಿ ಹ್ಯಾಂಗದ?’ ಜಗತ್ತಿನ ದೊಡ್ಡ ಅಧ್ಯಯನಗಳು ಚೇತರಿಕೆಯನ್ನು ಅಳೆಯಲು ಬಳಸುವ ಗ್ಲಾಸ್ಗೋ ಔಟ್‌ಕಮ್ ಸ್ಕೇಲ್ ಕೇಳುವುದು ಹೆಚ್ಚುಕಡಿಮೆ ಇವನ್ನೇ. ಅದನ್ನು ಫೋನಿನಲ್ಲೂ ಕೇಳಬಹುದು.