ಅದಲುಬದಲಿನ ಮೂರು ಸಾಲು

ಪಳಗಿದವರು ಕಂಪ್ಯೂಟರ್ ಪ್ರೋಗ್ರಾಂ ಓದುವ ಬಗೆ ಬೇರೆ ಎಂಬುದಕ್ಕೆ ಸುಳಿವು ಸಿಕ್ಕಿದ್ದು ಚದುರಂಗದ ಮಣೆಯಲ್ಲಿ. ಆಟದ ನಡುವಿನ ಮಣೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೂ ನುರಿತ ಆಟಗಾರ ಬಹುಪಾಲು ಕಾಯಿಗಳನ್ನು ಮತ್ತೆ ಜೋಡಿಸಬಲ್ಲ; ಕಾಯಿಗಳನ್ನು ಮನಬಂದಂತೆ ಇಟ್ಟಿದ್ದರೆ ಅವನೂ ಹೊಸಬನಂತೆ ತಡಕಾಡುತ್ತಾನೆ. ಸಂಶೋಧಕರಾದ ಚೇಸ್ ಮತ್ತು ಸೈಮನ್ 1973ರಲ್ಲಿ ಇದನ್ನು ಬರೆದರು. ಅದೇ ಪಟ್ಟನ್ನು ಬೆನ್ ಶ್ನೈಡರ್ಮನ್ ಪ್ರೋಗ್ರಾಮಿನ ಮೇಲೆ ಹಾಕಿದರು. ಒಂದು ಫೋರ್ಟ್ರಾನ್ ಪ್ರೋಗ್ರಾಂ ನೆಟ್ಟಗೆ, ಇನ್ನೊಂದು ಸಾಲುಗಳನ್ನು ಕಲಸಿದ್ದು. ಓದಿ, ನೆನಪಿನಿಂದ ಬರೆಯಬೇಕು. 1976ರಲ್ಲಿ ಪ್ರಕಟವಾದ ಫಲಿತಾಂಶವೂ ಹಾಗೆಯೇ: ನೆಟ್ಟಗಿನದರಲ್ಲಿ ಅನುಭವಿಗಳು ಬಹಳ ಮುಂದೆ, ಕಲಸಿದ್ದರಲ್ಲಿ ಎಲ್ಲರೂ ಹೆಚ್ಚುಕಡಿಮೆ ಒಂದೇ.

ಆದರೆ ನಮ್ಮಲ್ಲಿ ಕಲಿಯುವ ಬಗೆಯೇ ಬೇರೆ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಿಂದ ಬೆಳಗಿನ ಬಸ್ಸು ಹಿಡಿದು ಹಾಸನಕ್ಕೆ ಎಂಜಿನಿಯರಿಂಗ್ ಓದಲು ಬರುವ ಮಕ್ಕಳನ್ನು ಲ್ಯಾಬ್ ಪರೀಕ್ಷೆಯ ಮುನ್ನಾ ದಿನ ನೋಡಬೇಕು. ಹಾಸನವೆಂದೇನು, ರಾಜ್ಯದ ಹಲವೆಡೆ ಅದೇ ನೋಟ: ರೆಕಾರ್ಡ್ ಬುಕ್ ತೆರೆದಿಟ್ಟು ಪ್ರೋಗ್ರಾಂ ಉರು ಹೊಡೆಯುತ್ತಿರುತ್ತಾರೆ. ಉರು ಹೊಡೆದವರಿಗೆ ನೆಟ್ಟಗಿನದೂ ಒಂದೇ, ಕಲಸಿದ್ದೂ ಒಂದೇ.

ಹಾಗಾದರೆ ಅನುಭವಿಯ ಕಣ್ಣು ಹಿಡಿಯುವುದೇನನ್ನು? ಪ್ರೋಗ್ರಾಮಿನಲ್ಲಿ ಕೆಲವು ಗುರುತಿನ ಸಾಲುಗಳಿರುತ್ತವೆ, ಅವನ್ನು ಕಂಡೇ ತಮ್ಮ ಊಹೆಯನ್ನು ಖಚಿತಪಡಿಸಿಕೊಳ್ಳುತ್ತಾರೆ ಎಂದು ರೂವೆನ್ ಬ್ರೂಕ್ಸ್ 1983ರಲ್ಲಿ ವಾದಿಸಿದ್ದರು. ಸೂಸನ್ ವೀಡೆನ್‌ಬೆಕ್ 1986ರಲ್ಲಿ ಅದನ್ನು ಪರೀಕ್ಷೆಗೆ ಒಡ್ಡಿದರು. ಸಂಖ್ಯೆಗಳನ್ನು ಏರಿಕೆಯಲ್ಲಿ ಜೋಡಿಸುವ ಪ್ರೋಗ್ರಾಮಿನ ಹೊಟ್ಟೆಯೊಳಗೆ ಸಾಮಾನ್ಯವಾಗಿ ಮೂರು ಸಾಲು ಇರುತ್ತವೆ: ಟೆಂಪ್‌ಗೆ ಎ, ಎಗೆ ಬಿ, ಬಿಗೆ ಟೆಂಪ್. ಎರಡು ಲೋಟದ ಹಾಲು, ಕಾಫಿಗಳನ್ನು ಅದಲುಬದಲು ಮಾಡಲು ಮೂರನೆಯ ಖಾಲಿ ಲೋಟ ಬೇಕಾಗುವಂತೆ. ಓದಿ ನೆನಪಿನಿಂದ ಬರೆಯುವಾಗ ನುರಿತವರು ಉಳಿದ ಸಾಲುಗಳಿಗಿಂತ ಈ ಮೂರನ್ನು ಹೆಚ್ಚು ನೆನಪಿಟ್ಟಿದ್ದರು. ಹೊಸಬರಿಗೆ ಅವೂ ಹತ್ತರ ಜೊತೆ ಹನ್ನೊಂದು.

ಮಿದುಳಿನೊಳಗೇ ಇಣುಕುವ ಕೆಲಸ ಬಹಳ ತಡವಾಗಿ ಬಂತು. ಜರ್ಮನಿಯ ಯಾನೆಟ್ ಸೀಗ್‌ಮುಂಡ್ ತಂಡ 17 ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಕೋಡ್ ಓದಿಸಿ 2014ರಲ್ಲಿ ವರದಿ ಕೊಟ್ಟಿತು: ಮಿದುಳಿನ ಎಡಭಾಗದಲ್ಲಿ ಎಚ್ಚರಗೊಂಡದ್ದು ನೆನಪು, ಗಮನ, ಭಾಷೆಗಳ ಜೊತೆ ನಂಟಿರುವ ಜಾಗಗಳು. ಕೋಡ್ ಓದುವುದೆಂದರೆ ಭಾಷೆ ಓದಿದಂತೆಯೇ ಎಂದು ನಂಬಿದವರಿಗೆ ಇದು ಹಿಡಿಸಿರಬೇಕು. ನನಗಂತೂ ಹಾಗೇ ಅನಿಸಿತ್ತು.

ಆದರೆ 2020ರಲ್ಲಿ ಎಂಐಟಿಯ ಅನ್ನಾ ಇವನೋವಾ, ಎವೆಲಿನಾ ಫೆಡೊರೆಂಕೊ ಮತ್ತು ಸಂಗಡಿಗರು ಜಾಣತನದ ಒಂದು ಹೆಜ್ಜೆ ಇಟ್ಟರು. ಪೈಥಾನ್ ಕೋಡಿನ ಪಕ್ಕ ಅದೇ ಲೆಕ್ಕವನ್ನು ವಾಕ್ಯದಲ್ಲಿ ಬರೆದು ಓದಿಸಿದರು. ಕೋಡ್ ಓದುವಾಗ ಚುರುಕಾದದ್ದು ಗಣಿತ, ಒಗಟುಗಳಿಗೆ ಬಳಕೆಯಾಗುವ ಮಿದುಳಿನ ಜಾಲ. ಭಾಷೆಯ ಜಾಲ ಅಷ್ಟೇನೂ ಕದಲಲಿಲ್ಲ. ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ಸ್ಕ್ರ್ಯಾಚ್ ಜೂನಿಯರ್, ಬರೀ ಚಿತ್ರದ ತುಂಡುಗಳನ್ನು ಸಾಲಾಗಿ ಜೋಡಿಸುವಂಥದು, ಅದರಲ್ಲೂ ಇದೇ ಕಂಡಿತು.